ಆತು ಅಂದರೆ ಒಳಗೆ

ಧಾರವಾಡದಿಂದ ಪುಣೆಗೆ ಬಂದ ಹೊಸದರಲ್ಲಿ ಭಾಮಾಗೆ ಬರುತ್ತಿದ್ದ ಮರಾಠಿ ಕಾಯಿಪಲ್ಲೆ ಕೊಳ್ಳುವಷ್ಟೇ. ಅದೂ ಬೆರಳು ತೋರಿಸಿ ಮಾತಾಡಿದರೆ. ಭಾಷೆ ಬಾರದ ಆ ದಿನಗಳಲ್ಲೇ ಅವಳಿಗೆ ಪ್ರೀತಿ ಸಿಕ್ಕಿತು. ಕಳೆದುಕೊಂಡದ್ದು ಮಾತ್ರ ಮರಾಠಿ ಚೆನ್ನಾಗಿ ಕಲಿತ ಮೇಲೆ.

ವಾಕಡದಲ್ಲಿ ಅವಳ ಚಿಗವ್ವ ಕಾಶವ್ವ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ಐಟಿ ಕಂಪನಿಗಳ ಕನ್ನಡದ ಹುಡುಗರಿಗೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಕಟ್ಟಿ ಕಳಿಸುವುದು ಅವಳ ಉದ್ಯೋಗ. ಭಾಮಾ ಲ್ಯಾಬ್ ಟೆಕ್ನಿಷಿಯನ್ ಕೆಲಸ ಹುಡುಕಿಕೊಂಡು ಬಂದವಳು. ಕೆಲಸ ಸಿಗುವ ತನಕ ಸುಮ್ಮನೆ ಕೂತು ಉಣ್ಣಬಾರದೆಂದು ಡಬ್ಬಿ ಮುಟ್ಟಿಸುವ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡಳು.

"ಹೊಸ ಗಿರಾಕಿ ಅದಾನವಾ. ಒಬ್ಬನ ಇದ್ದು ಮೂರು ಮಂದಿ ಊಟ ಹೇಳ್ಯಾನ. ಹ್ಯಾಂಗ ಅದಾನ ನೋಡ್ಕೊಂಡು ಬಾ," ಎಂದು ಕಾಶವ್ವ ಒಂದು ಮಧ್ಯಾಹ್ನ ಭಾರದ ಡಬ್ಬಿ ಕೊಟ್ಟು ಕಳಿಸಿದಳು.

ವಿಳಾಸ ಹಿಡಿದು ಹೋದರೆ ಅದೊಂದು ತಗಡಿನ ಶೆಡ್ಡು. ಬಾಗಿಲು ಅರ್ಧ ತೆರೆದಿತ್ತು. ಭಾಮಾ ಕರೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಯಾರೋ ಶೆಡ್ಡೇ ಹಾರಿಹೋಗುವಂತೆ ಒದರಿದರು.

"ಆತ್! ಆತ್! ಆತ್!"

ಆತು ಅಂದರೆ ಆಯಿತು. ಅಂದರೆ ಊಟ ಆಯಿತು. ಭಾಮಾಗೆ ಮೈಯೆಲ್ಲ ಉರಿದುಹೋಯಿತು. ಬಿಸಿಲಲ್ಲಿ ಹೊತ್ತು ತಂದವರನ್ನು ಬಾಗಿಲಲ್ಲೇ ಹೀಗೆ ಒದರಿ ಕಳಿಸುವುದೇ? ಗಿರಕ್ಕನೆ ತಿರುಗಿ ಹೊರಟುಬಿಟ್ಟಳು.

ಹಿಂದೆ ಧಡಧಡ ಹೆಜ್ಜೆ ಸದ್ದು ಕೇಳಿತು. "ರೀ, ನಿಂದರ್ರಿ! ನನ್ನ ಡಬ್ಬಿರೀ!"

ತಿರುಗಿ ನೋಡಿದಳು. ದಾರಿ ತುಂಬ ಒಬ್ಬ ಮನುಷ್ಯ. ಬೆವರು ಧಾರಾಕಾರ ಇಳಿಯುತ್ತಿದೆ, ಎರಡೂ ಕೈಗೆ ಕೆಂಪು ಬಾಕ್ಸಿಂಗ್ ಗ್ಲೌಸು, ಮುಖದಲ್ಲಿ ಮಾತ್ರ ಹಸಿದ ಮಗುವಿನ ದೈನ್ಯ.

"ಊಟ ಆತು ಅಂದ್ರಲ್ರೀ?" ಭಾಮಾ ಬಿಡಲಿಲ್ಲ. "ಅದೂ ಒಮ್ಮೆ ಅಲ್ಲ, ಓಣಿಗೆಲ್ಲ ಕೇಳೂಹಂಗ."

"ಯಾರಂದ್ರು?"

"ಒಳಗ ಯಾರೋ ಹಿರಿಯಾರು ಒದರ್ಲಿಕ್ಕೆ ಹತ್ಯಾರಲ್ಲ, ಆತ್ ಆತ್ ಅಂತ."

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ನಗು ಬಂತು. ತಡೆಯಲು ಬಾಯಿಗೆ ಕೈ ಒಯ್ದರೆ ಗ್ಲೌಸು ಮೂಗಿಗೆ ಬಡಿಯಿತು, ಅದಕ್ಕೆ ಇನ್ನಷ್ಟು ನಕ್ಕ.

"ಅದು ಮರಾಠಿರೀ. ಆತ್ ಅಂದ್ರ ಒಳಗ. ನಾ ದೂರ ನಿಂತು ಗುದ್ದ್ಲಿಕ್ಕೆ ಹೋದ್ರ ಸರ್ ಬೈತಾರ, ಒಳಗ ಹೋಗು, ಒಳಗ ಹೋಗು ಅಂತ."

"ಒಳಗ ಅಂದ್ರ ಎಲ್ಲಿಗೆ?"

"ಎದುರಿಗಿದ್ದಾಂವನ ಎದಿ ಹತ್ರ. ನಾ ಅಡ್ಡಡ್ಡ ಬೆಳದೀನಿ, ಉದ್ದ ಕಡಿಮಿ. ದೂರ ನಿಂತ್ರ ಅವರ ಕೈ ಉದ್ದ, ನಂಗ ಬೀಳ್ತಾವ. ಒಳಗ ಹೊಕ್ಕ್ರ ನಂದ ರಾಜ್ಯ."

ಡಬ್ಬಿ ತೆಗೆದುಕೊಳ್ಳಲು ಅವನಿಗೆ ಕೈಯಿರಲಿಲ್ಲ. ಮುಂಗೈಯ ಪಟ್ಟಿ ಬಿಚ್ಚಿ ಗ್ಲೌಸನ್ನು ಎಳೆದು ತೆಗೆಯುವ ಕೆಲಸ ಭಾಮಾಳಿಗೇ ಬಂತು. ಒಳಗೆ ಕೈಗೆ ಬಟ್ಟೆಯ ಪಟ್ಟಿ ಸುತ್ತಿತ್ತು.

"ಗಾಯ ಆಗೇದೇನ್ರಿ?"

"ಇಲ್ರಿ. ಆಗಬಾರದಂತ ಮೊದಲ ಸುತ್ಕೊಂಡಿರ್ತೀವಿ."

"ಹೆಸರೇನ್ರಿ ನಿಮ್ದು?"

"ಹೊಳಬಸಪ್ಪ ಮುರಗೋಡ. ಇಲ್ಲಿ ಎಲ್ಲಾರೂ ಬಸು ಅಂತಾರ."

ಭಾಮಾ ಅವನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು. "ಇಷ್ಟು ದೊಡ್ಡ ಮನಿಷ್ಯಾಗ ಎರಡಕ್ಷರ ಎಲ್ಲಿ ಸಾಕಾಗ್ತದ? ನಾ ಪೂರಾ ಕರೀತೀನಿ."

ಅವನ ಅಪ್ಪ ಬೈಲಹೊಂಗಲದ ಕಡೆಯಿಂದ ಗುಮಾಸ್ತಿಕೆಗೆಂದು ಪುಣೆಗೆ ಬಂದವನು. ಹೊಳಬಸಪ್ಪ ಹುಟ್ಟಿದ್ದೇ ಇಲ್ಲಿ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅವನನ್ನು ತಿದ್ದುತ್ತಿದ್ದ ಬಿಂದುಮಾಧವ ಸರ್ ಸೈನ್ಯದಲ್ಲಿ ಬಾಕ್ಸಿಂಗ್ ಕಲಿಸಿ ನಿವೃತ್ತರಾದ ಮರಾಠಿಯವರು. ಹೆವಿವೇಟ್‌ನಲ್ಲಿ, ಅಂದರೆ ತೂಕಕ್ಕೆ ಮೇಲ್ಮಿತಿಯಿಲ್ಲದ ವರ್ಗದಲ್ಲಿ, ವೃತ್ತಿಗಿಳಿಯುವ ಹುಡುಗರು ಈ ಕಡೆ ಸಿಗುವುದೇ ಅಪರೂಪ, ಹೀಗಾಗಿ ಸರ್ ತಮ್ಮ ಆಸೆಯನ್ನೆಲ್ಲ ಇವನೊಬ್ಬನ ಮೇಲೆ ಸುರಿದಿದ್ದರು. ಶೆಡ್ಡಿನ ಉಳಿದ ಬಾಕ್ಸರುಗಳು ತೂಕ ಇಳಿಸಲು ಬಾಯಿ ಕಟ್ಟಿ ಒದ್ದಾಡುತ್ತಿದ್ದರೆ ಇವನು ಅವರೆದುರೇ ಕೂತು ರೊಟ್ಟಿಯ ಮೇಲೆ ರೊಟ್ಟಿ ಮುರಿಯುತ್ತಿದ್ದ. ಅವರು ಶಪಿಸುತ್ತಿದ್ದರು, ಭಾಮಾ ಬಡಿಸುತ್ತಿದ್ದಳು.

ಅವಳಿಗೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಆದರೂ ಆ ಒಂದು ಡಬ್ಬಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ಕಾಶವ್ವ ಎಣಗಾಯಿಗೆ ಒಂದು ಮಿಳ್ಳಿ ಎಣ್ಣೆ ಹೆಚ್ಚು ಹಾಕಿದಳು, ಅಷ್ಟೇ. ಮಳೆಗಾಲ ಮುಗಿಯುವಷ್ಟರಲ್ಲಿ ಅವರಿಬ್ಬರ ಮಾತಿನಿಂದ 'ರೀ' ಉದುರಿಹೋಗಿತ್ತು.

ಬಾಗಿಲಲ್ಲಿ ಅವಳು ಕಂಡರೆ ಸಾಕು, ಅವನು ರಿಂಗಿನ ಹಗ್ಗದ ಮೇಲೆ ಮೊಣಕೈ ಊರಿ, "ಆತ್ ಯೇ," ಎನ್ನುತ್ತಿದ್ದ. ಒಳಗೆ ಬಾ ಎಂದು.

"ನಂದು ಆತು," ಎಂದು ಅವಳು ಹುಬ್ಬು ಹಾರಿಸುತ್ತಿದ್ದಳು. ಸುತ್ತಲಿನವರಿಗೆ ಅರ್ಥವಾಗದ ಆ ಒಂದು ಮಾತನ್ನು ಇಬ್ಬರೂ ದಿನಾ ಹೊಸದೆಂಬಂತೆ ಆಡಿಕೊಂಡು ನಗುತ್ತಿದ್ದರು.

ಮೊದಲ ಫೈಟ್ ಗೆದ್ದ. ಎರಡನೆಯದೂ ಗೆದ್ದ. ಭಾಮಾ ಎರಡನ್ನೂ ಓಢಣಿಯ ಮರೆಯಿಂದ ನೋಡಿದಳು, ಅಂದರೆ ನೋಡಲಿಲ್ಲ. ಮೂರನೆಯದು ಗೆದ್ದ ಮರುದಿನ ಬೆಳಿಗ್ಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತಾಗ ಅವನ ತುಟಿ ಸೀಳಿತ್ತು. ಬಸಿಯಲ್ಲಿ ಊದಿಕೊಂಡು ಚಹಾ ಕುಡಿಯುತ್ತಿದ್ದ.

"ಅಷ್ಟು ಮಂದಿ ಒದರ್ತಾರ. ನಿಂಗ ಸರ್ ಹೇಳೂದು ಹ್ಯಾಂಗ ಕೇಳಸ್ತದ?" ಭಾಮಾ ಕೇಳಿದಳು.

"ರಿಂಗ್‌ನ್ಯಾಗ ಇಳದ ಮ್ಯಾಲ ಬ್ಯಾರೆ ಸಪ್ಪಳ ಎಲ್ಲಾ ನಿಂತ ಬಿಡ್ತದ. ಎರಡ ದನಿ ಕೇಳಸ್ತಾವ. ಒಂದು ಸರ್‌ದು, ಒಂದು ನಿಂದು. ಕಿವಿಗೆ ಬಿದ್ದದ್ದು ತಲಿಗೆ ಹೋಗೂದಿಲ್ಲ, ನೇರ ಕಾಲಿಗೆ ಹೋಗ್ತದ."

"ಇಬ್ಬರೂ ಒಮ್ಮೆ ಒದರಿದ್ರ?"

ಅವನು ಯೋಚನೆಯನ್ನೇ ಮಾಡಲಿಲ್ಲ. "ನಿಂದು."

ಭಾಮಾ ಓಢಣಿಯ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕಿವಿಯ ತುದಿ ಬಿಸಿಯಾಗಿತ್ತು. ಅವಳಷ್ಟು ಸುಖಿ ಆ ಬೆಳಿಗ್ಗೆ ಇಡೀ ಪುಣೆಯಲ್ಲಿ ಯಾರೂ ಇರಲಿಲ್ಲ. ಆ ಉತ್ತರ ಬೇರೆಯಾಗಿದ್ದರೆ ಎಂದು ಅವಳು ಅತ್ತದ್ದೆಲ್ಲ ಆಮೇಲಿನ ಮಾತು.

"ಮುಂದಿನ ಫೈಟ್ ಗೆದ್ದ್ರ ದುಬೈಗೆ ಕರಸ್ತಾರಂತ, ಅಲ್ಲಿ ದೊಡ್ಡ ಮ್ಯಾಚು," ಎಂದ ಅವನು. "ಅದಕ್ಕಿಂತ ಮೊದಲ ಧಾರವಾಡಕ್ಕ ಬಂದು ನಿಮ್ಮಪ್ಪಗ ಕೇಳ್ತೀನಿ."

"ಸೋತ್ರ?"

"ಸೋತ್ರೂ ಬರ್ತೀನಿ. ಮಾರಿ ಸ್ವಲ್ಪ ಬಾತಿರ್ತದ, ಅಷ್ಟ."

ಎದುರಾಳಿ ಹರಿಯಾಣದವನು, ಹೊಳಬಸಪ್ಪನಿಗಿಂತ ಗೇಣುದ್ದ ಎತ್ತರ. ಬಾಲೇವಾಡಿ ಕಡೆಯ ಹಾಲ್ ಸಂಜೆಗೇ ಕಿಕ್ಕಿರಿದಿತ್ತು. ಕಾಶವ್ವ ರೇಷ್ಮೆ ಸೀರೆ ಉಟ್ಟು ಬಂದಿದ್ದಳು, ಮದುವೆಗೆ ಬಂದಂತೆ. ಸರ್ ನಿಲ್ಲುವ ಮೂಲೆಯ ಹಿಂದೆಯೇ ಇಬ್ಬರಿಗೂ ಕುರ್ಚಿ. ಭಾಮಾ ಈ ಸಲ ಓಢಣಿಯನ್ನು ಮುಖಕ್ಕೆ ತರುವುದಿಲ್ಲವೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

ಮೊದಲ ಸುತ್ತುಗಳು ಹೊಳಬಸಪ್ಪನವೇ. ಸರ್ "ಆತ್!" ಎಂದಾಗಲೆಲ್ಲ ತಲೆ ತಗ್ಗಿಸಿ ಆ ಉದ್ದ ಕೈಗಳ ಅಡಿಯಲ್ಲಿ ನುಗ್ಗಿ ಪಕ್ಕೆಗೆ ಬಾರಿಸಿ ಹೊರಬರುತ್ತಿದ್ದ. ಆದರೆ ಹೊರಬರುವಾಗಲೆಲ್ಲ ಒಂದೊಂದು ಏಟು ಅವನ ಎಡಗಣ್ಣಿನ ಮೇಲೆಯೇ ಬೀಳುತ್ತಿತ್ತು. ಕೊನೆಯ ಸುತ್ತಿಗೆ ಹೋಗುವ ಹೊತ್ತಿಗೆ ಆ ಕಣ್ಣು ಬಾತು ಮುಚ್ಚಿಹೋಗಿತ್ತು. ಸರ್ ಅದನ್ನು ನೋಡಿ ತಕ್ಷಣ ಮಾತು ಬದಲಿಸಿದರು. "ಲಾಂಬ್ ರಾಹಾ, ಬಸು! ಲಾಂಬ್!" ದೂರ ಇರು ಎಂದು. ಅಂಕದಲ್ಲಿ ಅವನೇ ಮುಂದಿದ್ದ. ಗಂಟೆ ಬಾರಿಸುವ ತನಕ ಏಟು ತಪ್ಪಿಸಿಕೊಂಡು ನಿಂತರೆ ಗೆಲುವು ಅವನದೇ.

ಭಾಮಾಗೆ ಇದೆಲ್ಲ ಅರ್ಥವಾಗುತ್ತಿತ್ತು. ಅವಳಿಗೆ ಈಗ ಮರಾಠಿ ಬರುತ್ತಿತ್ತು, ಬಾಕ್ಸಿಂಗೂ ಸ್ವಲ್ಪ ಬರುತ್ತಿತ್ತು. ಆದರೆ ಅವನು ತಮ್ಮ ಮೂಲೆಯ ಕಡೆ ತಿರುಗಿದಾಗ ಆ ಕಣ್ಣಿನ ಜಾಗದಲ್ಲಿ ಕಣ್ಣೇ ಕಾಣಲಿಲ್ಲ. ಎದ್ದು ನಿಂತಳು. ಇನ್ನು ಸಾಕು, ನಿಲ್ಲಿಸಿ ಎಂದು ಸರ್‌ಗೆ ಹೇಳಬೇಕು, ರೆಫರಿಗೆ ಹೇಳಬೇಕು, ಯಾರಿಗಾದರೂ ಹೇಳಬೇಕು. ಕಲಿತ ಭಾಷೆ ಅಂಥ ಹೊತ್ತಿಗೆ ಎಲ್ಲಿ ಒದಗುತ್ತದೆ? ಬಾಯಿಗೆ ಬಂದದ್ದು ಹುಟ್ಟಿದಂದಿನಿಂದ ಆಡಿದ ಮಾತು.

"ಆತು! ಆತು! ಆತು!"

ಸಾಕು ಎಂಬುದು ಇನ್ನೂ ಗಂಟಲಲ್ಲೇ ಇತ್ತು.

ಹೊಳಬಸಪ್ಪ ದೂರ ಸರಿಯುತ್ತಿದ್ದವನು ನಿಂತ. ಅವನ ಭುಜ ಇಳಿದದ್ದನ್ನು ಅವಳು ನೋಡಿದಳು. ಆ ಭುಜ ಹಾಗೆ ಇಳಿದರೆ ಮುಂದೇನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಸರ್ "ಲಾಂಬ್!" ಎಂದು ಕಿರುಚುತ್ತಿದ್ದಂತೆಯೇ ಅವನು ತಲೆ ತಗ್ಗಿಸಿ ಒಳಗೆ ನುಗ್ಗಿದ. ಎದುರಾಳಿಯ ಬಲಗೈ ಆಗಲೇ ಹೊರಟಿತ್ತು. ಅದು ಬರುತ್ತಿದ್ದದ್ದು ಮುಚ್ಚಿದ ಕಣ್ಣಿನ ಕಡೆಯಿಂದ.

ಅವನು ಬಿದ್ದ ಸದ್ದು ಯಾರಿಗೂ ಕೇಳಲಿಲ್ಲ. ಹಾಲ್ ಅಷ್ಟು ಕೂಗುತ್ತಿತ್ತು.

ಕಣ್ಣಿನ ಒಳಪದರ ಹರಿದಿತ್ತು. ಆಪರೇಷನ್ ಆಯಿತು, ಮತ್ತೊಂದೂ ಆಯಿತು. ಎಡಗಣ್ಣಿಗೆ ಬೆಳಕು ಮರಳಲಿಲ್ಲ. ಇನ್ನು ರಿಂಗ್ ಹತ್ತುವ ಮಾತೇ ಇಲ್ಲ ಎಂದು ಡಾಕ್ಟರ್ ಹೇಳಿದಾಗ ಹೊಳಬಸಪ್ಪ ತಲೆಯಾಡಿಸಿದ, ಯಾರದೋ ಸುದ್ದಿ ಕೇಳಿದಂತೆ. ಬಿಂದುಮಾಧವ ಸರ್ ಮಾತ್ರ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತರು.

"ನಾನು ಲಾಂಬ್ ಅಂದೆ. ನೀನು ಯಾಕೆ ಆತ್ ಹೋದೆ?" ಎಂದು ಮರಾಠಿಯಲ್ಲಿ ಮತ್ತೆ ಮತ್ತೆ ಕೇಳಿದರು.

"ತಲೆ ಸುತ್ತುತ್ತಿತ್ತು ಸರ್. ಏನೂ ಕೇಳಿಸಲಿಲ್ಲ," ಎಂದ ಹೊಳಬಸಪ್ಪ, ಅವನೂ ಮರಾಠಿಯಲ್ಲೇ. ಹಾಗೆ ಹೇಳುವಾಗ ಭಾಮಾ ನಿಂತಿದ್ದ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಲ್ಲೇ ಅವಳಿಗೆ ಎಲ್ಲ ತಿಳಿಯಿತು.

ಸರ್ ಹೋದ ಮೇಲೆ ಅವಳು ಮಂಚದ ಬಳಿ ಬಂದಳು. "ನನ್ನ ದನಿ ಕೇಳಿತ್ತಲ್ಲ ನಿಂಗ?"

"ಹೂಂ."

"ನಾ ಸಾಕು ಅಂತ ಒದರಿದೆ, ಹೊಳಬಸಪ್ಪ. ನಿಂದರಸ್ರಿ ಅಂತ ಒದರಿದೆ ನಾ."

"ಗೊತ್ತದ," ಎಂದ. "ಬೀಳೂಮುಂದ ಗೊತ್ತಾತು."

ಅವಳ ಕೈಯನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದ. ಒಂದೂ ಕಠಿಣ ಮಾತು ಆಡಲಿಲ್ಲ. ಬೈದಿದ್ದರೆ ಅವಳು ಕಾಲು ಹಿಡಿಯುತ್ತಿದ್ದಳು, ಅವನು ಎಬ್ಬಿಸುತ್ತಿದ್ದ, ಅಲ್ಲಿಗೆ ಒಂದು ದಾರಿಯಾದರೂ ಆಗುತ್ತಿತ್ತು. ಅವನು ಸುಮ್ಮನೆ ಕೈ ಸವರುತ್ತ ಮಲಗಿದ್ದ. ಅಷ್ಟು ಒಳ್ಳೆಯವನಾಗಿದ್ದಕ್ಕೆ ಅವಳಿಗೆ ಅವನ ಮೇಲೆಯೇ ಸಿಟ್ಟು ಬಂತು.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಡಬ್ಬಿ ಮತ್ತೆ ಶುರುವಾಯಿತು. ಮೊದಲ ದಿನ ಭಾಮಾ ಪಾತ್ರೆ ತೆಗೆಯಲು ಹೋಗಿ ಸಹಜವಾಗಿ, "ಊಟ ಆತೇನ?" ಎಂದಳು. ಅವನ ಕೈಯಿಂದ ಲೋಟ ಜಾರಿ ಬಿತ್ತು. ಗದ್ದ ಎದೆಗಿಳಿದಿತ್ತು, ಎರಡೂ ಮುಷ್ಟಿ ಕೆನ್ನೆಗೆ ಬಂದಿದ್ದವು. ಕ್ಷಣದಲ್ಲಿ ಸಾವರಿಸಿಕೊಂಡು, "ಕೈ ಜಾರಿತು," ಎಂದು ನಕ್ಕ. ಅವಳೂ ನಕ್ಕು ನೀರು ಒರೆಸಿದಳು.

ಧಾರವಾಡದ ಕಡೆಯವರ ಬಾಯಲ್ಲಿ ಆತು ಇಲ್ಲದ ಮಾತುಂಟೇ? ಚಹಾ ಆತು, ಜಳಕ ಆತು, ಹೊತ್ತಾತು, ಬ್ಯಾಸರಾತು. ಭಾಮಾ ಪ್ರತಿ ಮಾತನ್ನೂ ಆಡುವ ಮೊದಲು ಕಲ್ಲು ಆರಿಸುವಂತೆ ಆರಿಸತೊಡಗಿದಳು. ಆರಿಸಿ ಸೋತು, ಅವನೊಂದಿಗೆ ಮರಾಠಿಯಲ್ಲೇ ಮಾತಾಡಲು ಹಿಡಿದಳು.

"ನನ್ನ ಜೋಡಿ ಯಾಕ ಹೊರಗಿನವರ ಹಂಗ ಮಾತಾಡ್ತಿ?" ಎಂದ ಅವನು.

"ಇಷ್ಟು ಕಷ್ಟಪಟ್ಟು ಕಲ್ತೀನಿ, ಉಪಯೋಗ ಮಾಡಬ್ಯಾಡೇನು?"

ಮರಾಠಿಯೂ ಉಪಯೋಗಕ್ಕೆ ಬರಲಿಲ್ಲ. ಅವನ ಮೈ ಹೆದರುತ್ತಿದ್ದದ್ದು ಬರೀ ಆ ಮಾತಿಗಲ್ಲ, ಅವಳ ದನಿಗೆ. ಬಾಗಿಲಾಚೆಯಿಂದ ಅವಳು ಕಾಶವ್ವನೊಂದಿಗೆ ಫೋನಿನಲ್ಲಿ ಮಾತಾಡಿದರೂ ಒಳಗೆ ಅವನ ಎಡಭುಜ ಮೇಲೇರುತ್ತಿತ್ತು. ಅವನಿಗೆ ಅದರ ಅರಿವೂ ಇರುತ್ತಿರಲಿಲ್ಲ. ಅವಳಿಗಿರುತ್ತಿತ್ತು.

ಒಂದು ಸಂಜೆ ಇಬ್ಬರೂ ಕಾಯಿಪಲ್ಲೆ ತರಲು ಹೊರಟಿದ್ದರು. ಅವನು ರಸ್ತೆ ದಾಟುತ್ತಿದ್ದ, ಭಾಮಾ ನಾಲ್ಕು ಹೆಜ್ಜೆ ಹಿಂದೆ. ಅವನಿಗೆ ಕಾಣದ ಎಡಗಡೆಯಿಂದ ಒಂದು ಬೈಕು ರಭಸದಿಂದ ಬಂತು.

"ಹೊಳಬಸಪ್ಪಾ!" ಎಂದು ಅವಳು ಕೂಗಿಬಿಟ್ಟಳು.

ಬೇರೆ ಯಾರು ಕೂಗಿದ್ದರೂ ಹಿಂದಕ್ಕೆ ಜಿಗಿಯುತ್ತಿದ್ದ. ಅವನು ನಡುರಸ್ತೆಯಲ್ಲಿ ಮುಷ್ಟಿ ಮೇಲೆತ್ತಿ, ಗದ್ದ ಇಳಿಸಿ, ಕಂಬದಂತೆ ನಿಂತುಬಿಟ್ಟ. ಬೈಕಿನವನು ಹೇಗೋ ಹ್ಯಾಂಡಲ್ ತಿರುಗಿಸಿ, ಇವನ ಮೊಣಕೈ ತರಚಿ, ಬೈಯುತ್ತ ಹೋದ. ಹೊಳಬಸಪ್ಪ ಕೈ ಇಳಿಸಿ ಸುತ್ತಲೂ ನೋಡಿದ. ಬಳಿಕ ತರಚಿದ ಮೊಣಕೈಯನ್ನು ಅವಳಿಗೆ ಕಾಣದಂತೆ ಮರೆಮಾಡಿದ.

ಭಾಮಾ ಆ ದಿನ ಕಾಯಿಪಲ್ಲೆ ಇಲ್ಲದೆ ಮನೆಗೆ ಬಂದು, ಕಾಶವ್ವನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿದಳು. "ನಾ ಬದುಕು ಅಂತ ಒದರಿದ್ರೂ ಅವಂಗ ಸಾವ ಬರ್ತದ ಚಿಗವ್ವ."

"ದಿನ ಹೋದಂಗ ಎಲ್ಲಾ ಸರಿಹೋಗ್ತದ, ಹುಚ್ಚಿ," ಎಂದಳು ಕಾಶವ್ವ. ಆದರೆ ಅವಳ ದನಿಯಲ್ಲಿ ಧೈರ್ಯ ಇರಲಿಲ್ಲ.

ಬಾರಾಮತಿಯ ಒಂದು ಶಾಲೆಯಲ್ಲಿ ಸರ್ ಅವನಿಗೆ ಆಟದ ಮಾಸ್ತರಿಕೆ ಕೊಡಿಸಿದರು. ಹೊರಡುವ ದಿನ ಬೆಳಿಗ್ಗೆ ಭಾಮಾ ಸ್ವಾರಗೇಟಿನ ಬಸ್‌ಸ್ಟ್ಯಾಂಡಿಗೆ ಬಂದಳು. ಅವನು ಹೊಸ ಅಂಗಿ ತೊಟ್ಟಿದ್ದ. ಕಪ್ಪು ಕನ್ನಡಕ ಹಾಕಿಕೊಂಡಿದ್ದ. ನೋಡಿದರೆ ಮದುವೆ ಹುಡುಗ ಅನ್ನಬೇಕು.

"ನೀನೂ ಬಾ," ಎಂದ ಪೀಠಿಕೆಯಿಲ್ಲದೆ. "ಅಪ್ಪ ಧಾರವಾಡಕ್ಕ ಹೋಗಿ ಮಾತಾಡಿ ಬರ್ತಾನಂತ. ಅಲ್ಲಿ ಮನಿ ಕೊಡ್ತಾರ. ನಿಂಗೂ ಒಂದು ಲ್ಯಾಬ್ ನೋಡಿದ್ರ ಆಗ್ತದ."

ಭಾಮಾ ಬಹಳ ಮೆಲ್ಲಗೆ, ತುಟಿಯಷ್ಟೇ ಅಲುಗುವಂತೆ ಕೇಳಿದಳು. "ಈಗೂ ನಾ ಮಾತಾಡಿದ್ರ ಅಂಜಿಕಿ ಬರ್ತದಲ್ಲ?"

"ರೂಢಿ ಆಗ್ತದ."

"ಯಾವುದು? ನಿಂಗ ಅಂಜೂದು ರೂಢಿ ಆಗ್ತದ, ನಂಗ ಸುಮ್ಮನಿರೂದು ರೂಢಿ ಆಗ್ತದ. ಅದು ಸಂಸಾರ ಹ್ಯಾಂಗ ಆದೀತು?"

"ನಿನ್ನ ಮ್ಯಾಲ ನಂಗ ಎಳ್ಳಷ್ಟೂ ಸಿಟ್ಟಿಲ್ಲ ಭಾಮಾ."

"ಸಿಟ್ಟಿದ್ರ ಬರ್ತಿದ್ದೆ. ಸಿಟ್ಟಾದ್ರ ಇಳೀತದ." ಅವಳ ಕಣ್ಣು ತುಂಬಿ ಬಂತು. "ನಂಗೂ ಮಾತಾಡಬೇಕೋ. ಜಗಳಾಡಬೇಕು, ನಗಬೇಕು, ನಾಳೆ ಕೂಸಿಗೆ ಜೋಗುಳ ಹಾಡಬೇಕು. ನಾ ಹಾಡಿದಾಗೆಲ್ಲ ನೀ ಮುಷ್ಟಿ ಎತ್ತಿ ಕೂಡೂದನ್ನ ನಾ ನೋಡ್ಲಾರೆ. ನಿನ್ನ ಮ್ಯಾಲ ನನ್ನ ಜೀವ ಅದ. ಅದಕ್ಕ ಬ್ಯಾಡ ಅನ್ಲಿಕ್ಕೆ ಹತ್ತೀನಿ."

ಅವನು ಅಲ್ಲವೆನ್ನಲು ಬಾಯಿ ತೆರೆದ. ಆದರೆ ಕೈಗಳು ಆಗಲೇ ಎದೆಯ ತನಕ ಏರಿದ್ದವು. ಇಬ್ಬರೂ ಅವುಗಳನ್ನು ನೋಡಿದರು. ಅವನು ಕಪ್ಪು ಕನ್ನಡಕದ ಅಡಿಗೆ ಬೆರಳು ತೂರಿಸಿ ಒರೆಸಿಕೊಂಡ. ನೀರು ಎರಡೂ ಕಣ್ಣಿನಲ್ಲಿ ಬರುತ್ತಿತ್ತು. ಭಾಮಾ ಅವನ ಮುಷ್ಟಿಯನ್ನು ಹಿಡಿದು, ಒಂದೊಂದೇ ಬೆರಳು ಬಿಡಿಸಿ, ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಕಂಡಕ್ಟರ್ ಸೀಟಿ ಊದಿದ.

ಅವನು ಹತ್ತಿ ಕಿಟಕಿಯ ಪಕ್ಕ ಕೂತ. ಅಷ್ಟರಲ್ಲಿ ನುಗ್ಗಿದ ಜನ ಭಾಮಾಳನ್ನು ಬಸ್ಸಿನ ಹಿಂಬದಿಗೆ, ಅವನ ಕುರುಡುಗಣ್ಣಿನ ಕಡೆಗೆ ತಳ್ಳಿಬಿಟ್ಟರು. ಹೊಳಬಸಪ್ಪ ಕನ್ನಡಕ ತೆಗೆದು, ತಲೆ ಹೊರಹಾಕಿ, ಅವಳು ಮೊದಲು ನಿಂತಿದ್ದಲ್ಲಿ ಹುಡುಕಿದ. ಅಲ್ಲಿ ಯಾರೋ ಚೀಲ ಹೊತ್ತ ಹೆಂಗಸು. ಇನ್ನಷ್ಟು ದೂರ ನೋಡಿದ. ಅವಳು ಕೈ ಚಾಚಿದರೆ ಅವನ ಅಂಗಿಯ ತೋಳು ಸಿಗುವಷ್ಟು ಹತ್ತಿರದಲ್ಲಿದ್ದಳು.

ಕರೆದಿದ್ದರೆ ತಿರುಗುತ್ತಿದ್ದ. ಅವನ ಪೂರಾ ಹೆಸರು ಗಂಟಲ ತನಕ ಬಂದಿತ್ತು. ಆದರೆ ತಿರುಗುವ ಮೊದಲು ಅವನ ಗದ್ದ ಇಳಿಯುತ್ತಿತ್ತು, ಭುಜ ಏರುತ್ತಿತ್ತು. ಅವನು ಅವಳನ್ನು ಕೊನೆಯ ಸಲ ನೋಡುವುದು ಬೆದರಿದ ಮುಖದಿಂದ ಆಗುತ್ತಿತ್ತು. ಭಾಮಾ ಓಢಣಿಯನ್ನು ಬಾಯಿಗೆ ತುರುಕಿಕೊಂಡಳು.

ಬಸ್ಸು ಹೊರಟಿತು. ಅವನು ಜನರ ಗುಂಪಿನಲ್ಲಿ ಅವಳಿದ್ದಾಳೆಂದುಕೊಂಡ ಕಡೆಗೆ ನಗುತ್ತ ಕೈ ಬೀಸಿದ, ಬಹಳ ಹೊತ್ತು ಬೀಸಿದ. ಅವಳು ಬಸ್ಸು ಗೇಟು ದಾಟಿ ಮರೆಯಾಗುವ ತನಕ ಒಂದು ಸದ್ದೂ ಮಾಡದೆ ನಿಂತಳು.